ಕ್ಯಾರವಾನಿನ ಕೆಳಗಿನ ಗಾಳಿ

ಕೊರೊನಾ ಪಾಸಿಟಿವ್ ಎಂದು ಫೋನಿನಲ್ಲಿ ಹೇಳಿದ ದಿನ ನನ್ನ ಮಗಳು ಹುಟ್ಟಿ ಇಪ್ಪತ್ತಾರು ದಿನವಾಗಿತ್ತು. ಫೋನ್ ಮಾಡಿದ ಆರೋಗ್ಯ ಇಲಾಖೆಯ ಹೆಂಗಸು ಬಲು ಉತ್ಸಾಹದ ದನಿಯವಳು. ನನಗೇನೋ ಬಹುಮಾನ ಬಂದಿದೆ ಎನ್ನುವ ಹಾಗೆ ವಿಷಯ ತಿಳಿಸಿ, ಮನೆಯಲ್ಲಿ ಇನ್ನು ಯಾರ್ಯಾರು ಇದ್ದೀರಿ ಎಂದು ಕೇಳಿದಳು. ಹೆಂಡತಿ, ಅತ್ತೆ, ಒಂದು ಕೂಸು ಎಂದೆ. ಕೂಸಿಗೆ ಎಷ್ಟು ತಿಂಗಳು ಎಂದಳು. ತಿಂಗಳು ತುಂಬಿಲ್ಲ ಎಂದೆ. ಅವಳ ದನಿಯ ಉತ್ಸಾಹ ಇಳಿಯಿತು; ಅವರಿಂದ ದೂರ ಇರಿ ಎಂದಳು.

ನಾನು ಹುಟ್ಟಾ ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಮೈಸೂರಿನ ಮನೆಯಲ್ಲಿ ಕುಕ್ಕರ್ ಎರಡು ಸಲ ಕೂಗಿದರೆ ಮೂರನೆಯದಕ್ಕೆ ಮೊದಲೇ ಹಜಾರಕ್ಕೆ ಬಂದು ನಿಲ್ಲುತ್ತಿದ್ದವನು. ಇನ್ನೊಂದು ದುರ್ಗುಣವೂ ಇದೆ. ಹೆದರಿಕೆಯಾದರೆ ನನಗೆ ಅಳು ಬರುವುದಿಲ್ಲ, ಸಿಟ್ಟು ಬರುತ್ತದೆ. ಅವತ್ತೂ ಫೋನ್ ಇಟ್ಟವನೇ ಮಹಡಿಯ ಮೇಲಿಂದ ಹೆಂಡತಿಗೆ, "ಕೆಳಗೇ ಇರು, ಮೇಲೆ ಬಂದ್ರೆ ಸುಮ್ನಿರಲ್ಲ" ಎಂದು ಕೂಗಾಡಿದೆ. ಪಾಪ, ಅವಳು ಮೇಲೆ ಬರುವ ಯೋಚನೆಯಲ್ಲೇ ಇರಲಿಲ್ಲ.

ನಾವಿದ್ದದ್ದು ಡಚ್ಚರ ದೇಶದ ಬಾಡ್‌ಹೂವೆಡಾರ್ಪ್ ಎಂಬ ಊರಿನ ಒಂದು ಬಾಡಿಗೆ ಮನೆಯಲ್ಲಿ. ಕೆಳಗೆ ಒಂದು ಕೋಣೆ ಮತ್ತು ಅಡುಗೆಮನೆ, ಮೇಲೆ ಎರಡು ಕೋಣೆ, ಎಲ್ಲರಿಗೂ ಸೇರಿ ಒಂದೇ ಬಚ್ಚಲು. ಅತ್ತೆ ಧಾರವಾಡದವರು. ಮಗಳ ಜೊತೆ ಮೂರು ತಿಂಗಳು ಇದ್ದು ಹೋಗೋಣ ಎಂದು ಬಂದವರು, ವಿಮಾನಗಳು ನಿಂತು ಇಲ್ಲೇ ಸಿಕ್ಕಿಕೊಂಡರು. ಅಷ್ಟರಲ್ಲಿ ಮಗಳು ಬಸುರಿ ಎಂದು ಗೊತ್ತಾಯಿತು. ಅರ್ಜಿಯ ಮೇಲೆ ಅರ್ಜಿ ಹಾಕಿ ವೀಸಾ ಮುಂದಕ್ಕೆ ಹಾಕಿಸಿಕೊಂಡು, ಬಾಣಂತನ ಮುಗಿಸಿಯೇ ಹೋಗುವುದು ಎಂದು ನಿಂತರು.

ಈ ದೇಶದಲ್ಲಿ ಹೆರಿಗೆಯಾದ ಮೊದಲ ವಾರ ಮನೆಗೇ ಒಬ್ಬ ದಾದಿ ಬರುತ್ತಾಳೆ. ಆಕೆ ಬಂದವಳೇ ಕೂಸಿನ ಕೋಣೆಯ ಕಿಟಕಿ ತೆರೆಯುತ್ತಿದ್ದಳು. ಆಕೆ ಬೆನ್ನು ತಿರುಗಿಸಿದ ಕೂಡಲೇ ಅತ್ತೆ ಮುಚ್ಚುತ್ತಿದ್ದರು. ಆಕೆ ಕೂಸಿನ ಕುಲಾವಿ ತೆಗೆದರೆ ಅತ್ತೆ ಮತ್ತೆ ಹಾಕುತ್ತಿದ್ದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬರುತ್ತಿರಲಿಲ್ಲವಾದ್ದರಿಂದ ಜಗಳವೂ ಆಗಲಿಲ್ಲ. ಎಂಟು ದಿನ ನಗುನಗುತ್ತಲೇ ಒಬ್ಬರು ತೆರೆದರು, ಒಬ್ಬರು ಮುಚ್ಚಿದರು. ದಾದಿ ಹೋದ ಮೇಲೆ ಮನೆ ಪೂರ್ತಿ ಅತ್ತೆಯ ಕೈಗೆ ಬಂತು. ಹೆಂಡತಿಯ ಕಿವಿಗೆ ಹತ್ತಿ, ತಲೆಗೆ ಮಫ್ಲರ್, ಕಾಲಿಗೆ ಎರಡು ಜೊತೆ ಕಾಲುಚೀಲ. ಬಾಣಂತಿಯ ಮೈಗೆ ಗಾಳಿ ತಗುಲಬಾರದು ಎನ್ನುವುದರಲ್ಲಿ ಅತ್ತೆಗೆ ಎರಡು ಮಾತಿರಲಿಲ್ಲ.

ಅಂಥ ಮನೆಗೆ ನಾನು ಕೊರೊನಾ ತಂದಿದ್ದೆ. ಎಲ್ಲಿಂದ ತಂದೆನೋ ಇಂದಿಗೂ ಗೊತ್ತಿಲ್ಲ. ಹಾಲು ತರಲು ಬಿಟ್ಟರೆ ಹೊರಗೆ ಕಾಲಿಟ್ಟವನಲ್ಲ. ನಾಲ್ಕು ದಿನ ನೆಗಡಿ ಎಂದುಕೊಂಡು ಅದೇ ಬಚ್ಚಲು, ಅದೇ ಬಾಗಿಲ ಹಿಡಿ, ಅದೇ ಟವಲು ಬಳಸಿದ್ದೆ. ಇಡೀ ಮನೆಯೇ ಮೈಲಿಗೆಯಾದಂತೆ ಹೆಂಡತಿಗೆ ಅನಿಸಿತು. "ಈ ಮನೆಯ ಗಾಳೀಲೇ ಇರತ್ತೆ ಅದು. ನಾವು ಮೂರು ಜನ ಎಲ್ಲಾದ್ರೂ ಹೊರಗೆ ಹೋಗ್ಬೇಕು" ಎಂದು ಮೆಟ್ಟಿಲ ಬುಡದಲ್ಲಿ ನಿಂತು ಅತ್ತಳು. ಈಗ ಯೋಚಿಸಿದರೆ ಹೊರಗೆ ಹೋಗಬೇಕಾದವನು ನಾನು. ಅವತ್ತು ಮೂವರಿಗೂ ಅದು ಹೊಳೆಯಲೇ ಇಲ್ಲ.

ಪಕ್ಕದ ಮನೆಯಲ್ಲಿ ಒಬ್ಬ ಡಚ್ ಅಜ್ಜ ಇದ್ದ. ಅತ್ತೆ ಅವನನ್ನು "ಉದ್ದನ್ನ ಅಜ್ಜ" ಎನ್ನುತ್ತಿದ್ದರು. ನಮ್ಮೆರಡು ಮನೆಗಳ ನಡುವಿನ ಜಲ್ಲಿ ಹಾಸಿದ ಜಾಗದಲ್ಲಿ ಅವನ ಹಳೆಯ ಕ್ಯಾರವಾನ್ ನಿಂತಿತ್ತು. ಬೇಸಿಗೆಯಲ್ಲಿ ಕಾರಿಗೆ ಕಟ್ಟಿಕೊಂಡು ಎಳೆದುಕೊಂಡು ಹೋಗುವ ಚಕ್ರದ ಮನೆ. ಒಳಗೆ ಎರಡು ಮಂಚ, ಎರಡು ಒಲೆಯ ಗ್ಯಾಸ್ ಕಟ್ಟೆ, ಬೀರುವಿನ ಕೆಳಗೆ ಒಂದು ಗ್ಯಾಸ್ ಹೀಟರು, ಒಂದು ಚಿಕ್ಕ ಶೌಚಾಲಯ. ಫೋನಿನಲ್ಲಿ ವಿಷಯ ತಿಳಿಸಿದಾಗ ಆತ ಹಿಂದೆಮುಂದೆ ನೋಡದೆ, ಅದರಲ್ಲಿ ಇರಲಿ ಎಂದ. ಅವನಿಗೂ ಶ್ವಾಸಕೋಶದ ತೊಂದರೆ ಇತ್ತು, ನಮ್ಮ ಹತ್ತಿರ ಸುಳಿಯುವ ಹಾಗಿರಲಿಲ್ಲ. ಬೀಗದ ಕೈಯನ್ನು ಬೇಲಿಗೆ ನೇತುಹಾಕಿ, ಬಳಸುವ ರೀತಿಯನ್ನು ಫೋನಿನಲ್ಲೇ ಹೇಳಿದ. ನೆಲದಲ್ಲಿ ಎರಡು ತೂತುಗಳಿವೆ, ಗ್ಯಾಸ್ ಸೋರಿದರೆ ಕೆಳಗೆ ಹೋಗಲಿ ಎಂದು ಬಿಟ್ಟಿದ್ದು, ಅವನ್ನು ಮಾತ್ರ ಮುಚ್ಚಬೇಡಿ ಎಂದ. ಅದನ್ನು ನಾನು ಹೆಂಡತಿಗೆ ಹೇಳಿದೆ. ಹೆಂಡತಿ ಅತ್ತೆಗೆ ಹೇಳಿದಳು.

ಅವರು ಕ್ಯಾರವಾನಿಗೆ ಹೋದದ್ದು ಮಧ್ಯಾಹ್ನ. ನಾನು ಮೇಲಿನ ಕಿಟಕಿಯಿಂದ ನೋಡಿದೆ. ಅತ್ತೆ ಮುಂದೆ, ಅಕ್ಕಿ, ಬೇಳೆ, ಬೆಳ್ಳುಳ್ಳಿ ತುಂಬಿದ ಚೀಲ ಹಿಡಿದು. ಹಿಂದೆ ಹೆಂಡತಿ, ಎದೆಗವಚಿಕೊಂಡ ಕಂಬಳಿಯ ಗಂಟಿನೊಳಗೆ ಮಗಳು. ಮೂವತ್ತು ಹೆಜ್ಜೆಯ ದೂರ. ಊರು ಬಿಟ್ಟು ಹೊರಟವರನ್ನು ನೋಡುವಂತೆ ನೋಡುತ್ತ ನಿಂತೆ.

ಅವತ್ತು ರಾತ್ರಿ ಹಿಮ ಸುರಿದು, ಮಾರನೆಯ ದಿನದಿಂದ ಚಳಿ ಶುರುವಾಯಿತು. ಚಳಿ ಎಂದರೆ ಆ ಫೆಬ್ರವರಿಯ ಚಳಿ. ವಾರ ತುಂಬುವುದರೊಳಗೆ ಕಾಲುವೆಗಳೆಲ್ಲ ಗಟ್ಟಿಯಾಗಿ, ಲಾಕ್‌ಡೌನ್ ಮರೆತು ಜನ ಸ್ಕೇಟ್ ಕಟ್ಟಿಕೊಂಡು ಇಳಿದಿದ್ದರು. ನಮ್ಮೂರು ಬಯಲು. ವಿಮಾನ ನಿಲ್ದಾಣದ ಕಡೆಯಿಂದ ಏಳುವ ಗಾಳಿಗೆ ನಡುವೆ ಒಂದು ಗುಡ್ಡವಿಲ್ಲ, ಒಂದು ಕಾಡಿಲ್ಲ. ಚಕ್ರದ ಮೇಲೆ ನಿಂತ ಕ್ಯಾರವಾನಿನ ಕೆಳಗೆ ಅದು ಹೊಕ್ಕು ಆ ಕಡೆಯಿಂದ ಹೊರಡುತ್ತಿತ್ತು. ಬೆಳಗ್ಗೆ ವಿಡಿಯೊ ಕಾಲ್‌ನಲ್ಲಿ ಅತ್ತೆಯ ಮುಖ ಸಣ್ಣಗಾಗಿತ್ತು.

"ನೆಲಾ ಮುಟ್ಟಿದ್ರ ಬರ್ಫ ಮುಟ್ಟಿದಂಗ ಆಗ್ತದ್ರಿ. ಆ ತೂತಿನ್ಯಾಗಿಂದ ಸುಂಯ್ ಅಂತ ಗಾಳಿ ಬರ್ಲಿಕತ್ತದ. ಬಾಣಂತಿ ಕಾಲಿಗೆ ಗಾಳಿ ಹತ್ತಿದ್ರ ಸಾಯೂ ಮಟಾ ಬಿಡೂದಿಲ್ಲ."

ಕರೆಂಟಿನ ಹೀಟರು ಇಟ್ಟುನೋಡಿದ್ದೆವು. ಕೂಸಿನ ನೀರಿಗೆಂದು ಕೆಟಲ್ ಹಾಕಿದರೆ ಫ್ಯೂಸ್ ಹಾರುತ್ತಿತ್ತು. ಗ್ಯಾಸ್ ಹೀಟರು ಉರಿಯುತ್ತಿದ್ದರೂ ಶಾಖ ಮೇಲಕ್ಕೆ ಹೋಗಿ ಕಾಲು ಮರಗಟ್ಟುತ್ತಿತ್ತು. ಅತ್ತೆ ಅದಕ್ಕೆ ತಮ್ಮ ತಾಯಿಯ ಕಾಲದ ಉಪಾಯ ಹೇಳಿದರು. "ನಮ್ಮವ್ವ ಬಾಣಂತಿ ಹೊರಸಿನ ಕೆಳಗ ಕೆಂಡದ ಶೇಗಡಿ ಇಟ್ಟು, ಸುತ್ತ ನೆಲಕ್ಕ ತಾಗೂ ಹಂಗ ಕೌದಿ ಇಳಿಬಿಡ್ತಿದ್ಲು. ಒಂದು ಎಳಿ ಗಾಳಿ ಒಳಗ ಹೋಗ್ತಿದ್ದಿಲ್ಲ, ಶಾಖ ಹೊರಗ ಬರ್ತಿದ್ದಿಲ್ಲ. ಇದಕ್ಕೂ ಹಂಗ ಸುತ್ತ ಏನರ ಕಟ್ಟಲಿಕ್ಕೆ ಬರೂದಿಲ್ಲೇನ್ರಿ?"

ಮಹಡಿಯ ಮೇಲೆ ಮಲಗಿ ಜ್ವರದ ಜೊತೆಗೆ ನನ್ನನ್ನೇ ಶಪಿಸಿಕೊಳ್ಳುತ್ತಿದ್ದ ನನಗೆ ಜೀವ ಬಂದ ಹಾಗಾಯಿತು. ಕೊನೆಗೂ ನಾನು ಮಾಡಬಹುದಾದ ಒಂದು ಕೆಲಸ ಸಿಕ್ಕಿತ್ತು, ಅದೂ ಅವರ ಹತ್ತಿರ ಹೋಗದೆ, ಹೊರಗಿನಿಂದಲೇ. ಮನೆಯ ಹಿಂದಿನ ಶೆಡ್ಡಿನಲ್ಲಿ ಮಾಲೀಕ ನೆಲಕ್ಕೆ ಹಾಸಿ ಉಳಿಸಿದ ದಪ್ಪ ಥರ್ಮಾಕೋಲ್ ಹಲಗೆಗಳಿದ್ದವು. ಒಂದು ನೀಲಿ ಟಾರ್ಪಾಲಿನ್ ಇತ್ತು. ಅಗಲದ ಟೇಪು ಎರಡು ಸುರುಳಿ ಇದ್ದವು. ಎರಡು ಸ್ವೆಟರು, ಅದರ ಮೇಲೆ ಜಾಕೆಟ್ಟು, ಮುಖಕ್ಕೆ ಮಾಸ್ಕು ಹಾಕಿಕೊಂಡು ಇಳಿದೆ.

ಆ ಕೆಲಸವನ್ನು ನಾನು ಎಷ್ಟು ಶ್ರದ್ಧೆಯಿಂದ ಮಾಡಿದೆ ಎಂದರೆ, ಆಫೀಸಿನಲ್ಲಿ ಅದರ ಕಾಲುಭಾಗ ಮಾಡಿದ್ದರೂ ಇಷ್ಟರಲ್ಲಿ ಮ್ಯಾನೇಜರ್ ಆಗಿರುತ್ತಿದ್ದೆ. ಮಂಡಿಯೂರಿ ಕ್ಯಾರವಾನಿನ ಅಂಚಿಗೂ ನೆಲಕ್ಕೂ ಇರುವ ಎತ್ತರವನ್ನು ಒಂದೊಂದು ಅಡಿಗೂ ಅಳೆದೆ. ಜಲ್ಲಿ ಏರುತಗ್ಗಾಗಿದ್ದರಿಂದ ಪ್ರತಿ ಹಲಗೆಯ ಬುಡವನ್ನೂ ಅದಕ್ಕೆ ಹೊಂದುವ ಹಾಗೆ ಕೊಯ್ದೆ. ಸಂದುಗಳಿಗೆ ಟೇಪು ಹಚ್ಚಿದೆ. ಹೊರಗಿನಿಂದ ಟಾರ್ಪಾಲಿನ್ ಸುತ್ತಿ, ಅದರ ಸೆರಗಿನ ಮೇಲೆ ಇಟ್ಟಿಗೆ ಸಾಲಿಟ್ಟೆ. ಸಾಲದು ಎಂದು, ರಾಶಿಬಿದ್ದಿದ್ದ ಹಿಮವನ್ನು ಸಲಿಕೆಯಲ್ಲಿ ಎಳೆದು ಸುತ್ತ ಕಟ್ಟೆಯಂತೆ ಒತ್ತಿದೆ. ಕೆಮ್ಮು ಬಂದಾಗೆಲ್ಲ ದೂರ ಓಡಿಹೋಗಿ ಕೆಮ್ಮಿ ಬರುತ್ತಿದ್ದೆ. ಮುಗಿಯುವ ಹೊತ್ತಿಗೆ ಬೆರಳು ಮಡಚಲು ಬರುತ್ತಿರಲಿಲ್ಲ, ಆದರೆ ಕ್ಯಾರವಾನಿನ ಕೆಳಗೆ ಒಂದು ಇರುವೆ ಹೋಗಲೂ ದಾರಿ ಇರಲಿಲ್ಲ. ಕಿಟಕಿಯ ಗಾಜಿನ ಹಿಂದೆ ಅತ್ತೆ ಎರಡೂ ಕೈ ಎತ್ತಿ ನಮಸ್ಕಾರ ಮಾಡಿದರು. ಅಳಿಯನಾಗಿ ಐದು ವರ್ಷದಲ್ಲಿ ಸಿಕ್ಕ ಮೊದಲ ನಮಸ್ಕಾರ ಅದು.

ಮರುದಿನ ಒಳಗೆ ಬೆಚ್ಚಗಾಯಿತು. ಹೆಂಡತಿ ಮಫ್ಲರ್ ಬಿಚ್ಚಿ ಫೋನಿಗೆ ಬಂದಳು. ನಾನು ಬೆನ್ನು ತಟ್ಟಿಕೊಂಡೆ. ಅಜ್ಜ ಹೇಳಿದ್ದ ನೆಲದ ತೂತುಗಳಿಗೆ ಅತ್ತೆ ತಮ್ಮ ಹಳೆಯ ನೂಲಿನ ಸೀರೆಯೊಂದನ್ನು ಹರಿದು ತುರುಕಿದ್ದೂ ಅವತ್ತೇ ಗೊತ್ತಾಯಿತು. ಹೆಂಡತಿ ಬೈದಳು. ಅತ್ತೆ ಕೇಳಲಿಲ್ಲ. ನಾನೂ ಹೆಚ್ಚು ಹೇಳಲಿಲ್ಲ. ನಮಸ್ಕಾರದ ಅಮಲು ಇನ್ನೂ ಇಳಿದಿರಲಿಲ್ಲ.

"ಕೂಸು ಎಷ್ಟ್ ಛಂದ ಮಲಗೇದ ನೋಡ್ರಿ" ಎಂದು ಅತ್ತೆ ಫೋನನ್ನು ಮಗಳ ಕಡೆ ತಿರುಗಿಸಿದರು. ಹುಟ್ಟಿದಾಗಿನಿಂದ ಎರಡು ಗಂಟೆ ಒಂದೇ ಸಮನೆ ಮಲಗಿದವಳಲ್ಲ ಅವಳು. ಈಗ ಕೆನ್ನೆ ಕೆಂಪಗೆ, ಬಾಯಿ ಅರೆ ತೆರೆದು, ಮುಷ್ಟಿ ಸಡಿಲಿಸಿ ಮಲಗಿದ್ದಳು. ಬೆಚ್ಚಗಿದ್ದರೆ ಕೂಸು ಹೀಗೆಯೇ ಮಲಗುವುದು ಎಂದು ಅತ್ತೆ ಹೇಳಿದರು. ನನಗೂ ಅದು ಸರಿ ಎನಿಸಿತು.

ಸಂಜೆ ಹೆಂಡತಿಗೆ ತಲೆನೋವು ಶುರುವಾಯಿತು.

ನನಗೂ ಶುರುವಾದದ್ದು ತಲೆನೋವಿನಿಂದಲೇ. ಆಗ ನಮ್ಮ ಕಡೆಯ ಎಲ್ಲ ಮನೆಗಳಲ್ಲಿ ಇರುತ್ತಿದ್ದಂತೆ ನಮ್ಮಲ್ಲೂ ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇತ್ತು; ಒಂದಲ್ಲ, ಎರಡು. ಒಂದು ನನ್ನ ಬಳಿ, ಒಂದು ಕ್ಯಾರವಾನಿನಲ್ಲಿ. ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಎಂದು ಅದು ತೋರಿಸುತ್ತದೆ. ತೊಂಬತ್ತೈದಕ್ಕಿಂತ ಮೇಲಿದ್ದರೆ ಹೆದರಬೇಕಿಲ್ಲ ಎಂದು ನೆಂಟರಿಷ್ಟರೆಲ್ಲ ಪಾಠ ಒಪ್ಪಿಸುತ್ತಿದ್ದ ಕಾಲ. ದಿನಕ್ಕೆ ಮೂರು ಸಲ ಬೆರಳಿನ ಫೋಟೊ ತೆಗೆದು ಕಳಿಸುವುದು ನಮ್ಮ ನಡುವಿನ ನೇಮವಾಗಿತ್ತು. ಹೆಂಡತಿಯದು ತೊಂಬತ್ತೊಂಬತ್ತು. ಅತ್ತೆಯದು ತೊಂಬತ್ತೆಂಟು. ನಿಜವಾದ ರೋಗಿಯಾದ ನನ್ನದು ತೊಂಬತ್ನಾಲ್ಕಕ್ಕೆ ಬಂದಿತ್ತು. ಆ ಫೋಟೊಗಳನ್ನು ನೋಡಿ ಸಮಾಧಾನ ಮಾಡಿಕೊಂಡೆ.

ಅವರು ಕ್ಯಾರವಾನಿಗೆ ಹೋದ ನಾಲ್ಕನೆಯ ದಿನ ಬೆಳಗ್ಗೆ ಅತ್ತೆ ಎದ್ದು ನಿಂತವರು ತಲೆ ತಿರುಗಿ ಮಂಚ ಹಿಡಿದುಕೊಂಡು ಕೂತರು. ಹೆಂಡತಿ ಎರಡು ಸಲ ವಾಂತಿ ಮಾಡಿದಳು. "ನನ್ಗೂ ಬಂತು ಕಣೋ. ಅಮ್ಮಂಗೂ ಬಂತು" ಎಂದು ಅವಳು ಫೋನಿನಲ್ಲಿ ಅಳುತ್ತ ಹೇಳಿದಳು. "ಪಾಪುನ ಎಷ್ಟು ಎಬ್ಬಿಸಿದ್ರೂ ಹಾಲು ಕುಡೀತಿಲ್ಲ. ಬಾಯಿಗಿಟ್ರೆ ಹಾಗೇ ನಿದ್ದೆ ಹೋಗ್ತಾಳೆ" ಎಂದಳು.

ವೈದ್ಯರ ಕಚೇರಿಗೆ ಫೋನ್ ಮಾಡಿದೆ. ಸಹಾಯಕಿ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದಳು. ಮನೆಯಲ್ಲಿ ಪಾಸಿಟಿವ್ ಇದ್ದಾರೆಯೇ? ಇದ್ದೇನೆ. ಆಕ್ಸಿಜನ್ ನೋಡಿದ್ದೀರಾ? ತೊಂಬತ್ತೊಂಬತ್ತು. ಕೂಸಿಗೆ ಜ್ವರ? ಇಲ್ಲ. ಹಾಗಾದರೆ ಕೊರೊನಾವೇ ಇರಬೇಕು, ಸೌಮ್ಯವಾಗಿದೆ. ಕೂಸಿನ ವಿಷಯ ವೈದ್ಯರನ್ನು ಕೇಳಿ ಹನ್ನೊಂದು ಗಂಟೆಗೆ ತಾವೇ ಫೋನ್ ಮಾಡುತ್ತೇವೆ ಎಂದಳು. ಅವಳದು ತಪ್ಪೆಂದು ನಾನು ಹೇಳಲಾರೆ. ಅವಳು ಕೇಳಿದ್ದಕ್ಕೆಲ್ಲ ನಾನೇ ಉತ್ತರ ಕೊಟ್ಟವನು. ಎಲ್ಲಿ ಮಲಗಿದ್ದಾರೆ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಆಗ ಗಂಟೆ ಹತ್ತು. ಆ ಒಂದು ಗಂಟೆಯನ್ನು ನಾನು ಅಡುಗೆಮನೆಯ ಕಿಟಕಿಯ ಬಳಿ ನಿಂತು ಕಳೆದೆ. ಅಂಥ ಹೆದರಿಕೆ ನನಗೆ ಹಿಂದೆ ಗೊತ್ತಿರಲಿಲ್ಲ. ನನ್ನ ಉಸಿರಿನಿಂದ ಹೊರಟದ್ದು ಗೋಡೆ ದಾಟಿ, ಅಂಗಳ ದಾಟಿ, ನಾನೇ ಕಟ್ಟಿದ ತಡೆಯನ್ನೂ ದಾಟಿ ಅವಳವರೆಗೆ ಹೋಗಿದೆ ಎಂದು ಪೂರ್ತಿ ನಂಬಿದ್ದೆ. ಫೋನ್ ಮಾಡಿದೆ, ಹೆಂಡತಿ ಎತ್ತಿದಳು, ಮಾತು ತೊದಲುತ್ತಿತ್ತು. "ನಿದ್ದೆ ಬರ್ತಿದೆ, ಆಮೇಲೆ ಮಾಡು" ಎಂದು ಇಟ್ಟಳು. ಮಲಗಲಿ, ರೋಗಿಗೆ ನಿದ್ದೆ ಒಳ್ಳೆಯದು ಎಂದುಕೊಂಡೆ.

ವೈದ್ಯರ ಫೋನು ಬರುವ ಮೊದಲೇ ಉದ್ದನ್ನ ಅಜ್ಜ ಹೊರಗೆ ಬಂದ. ನಮ್ಮ ಕಡೆಯ ಅವನ ಗೋಡೆಗೆ ಕಿಟಕಿಗಳಿರಲಿಲ್ಲ. ನಾಲ್ಕು ದಿನದಿಂದ ಅವನು ಕ್ಯಾರವಾನನ್ನು ನೋಡಿಯೇ ಇರಲಿಲ್ಲ. ಕಾಲುದಾರಿಯ ಹಿಮ ತೆಗೆಯಲು ಸಲಿಕೆ ಹಿಡಿದು ಮೂಲೆ ತಿರುಗಿದವನು ನಿಂತುಬಿಟ್ಟ. ಸುತ್ತ ಕಟ್ಟಿದ ನೀಲಿ ಟಾರ್ಪಾಲಿನ್ ನೋಡಿದ. ಸಲಿಕೆ ಎಸೆದ. ಆ ವಯಸ್ಸಿನ ಮನುಷ್ಯ ಓಡಿಬಂದು ಹಿಮದ ಕಟ್ಟೆಯನ್ನು ಬೂಟುಗಾಲಿನಿಂದ ಒದೆಯತೊಡಗಿದ.

ಹೆದರಿಕೆಯಾದರೆ ನನಗೆ ಸಿಟ್ಟು ಬರುತ್ತದೆ ಎಂದೆನಲ್ಲ, ಬಂತು. ಕ್ಯಾರವಾನಿನ ಅಂದ ಕೆಟ್ಟಿತು ಎಂದು ಇವನಿಗೆ ಚಿಂತೆ, ಒಳಗೆ ನನ್ನ ಹೆಂಡತಿ ಮಕ್ಕಳು ಚಳಿಗೆ ಸಾಯಬೇಕೇ ಎಂದು ಕಿಟಕಿ ತೆರೆದು ಕಿರುಚಿದೆ. ಅವನು ಥರ್ಮಾಕೋಲ್ ಹಲಗೆಯೊಂದನ್ನು ಎರಡು ಕೈಯಲ್ಲೂ ಕಿತ್ತು ಎಳೆಯುತ್ತ ತಿರುಗಿ ಕೂಗಿದ.

"ಹೀಟರಿನ ಹೊಗೆ ಎಲ್ಲಿಗೆ ಹೋಗಬೇಕು? ಅದರ ಕೊಳವೆ ಇಲ್ಲಿದೆ, ಕೆಳಗೆ! ಬಾಗಿಲು ತೆಗೆ! ಬಾಗಿಲು!"

ನನಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಆಮೇಲೆ ಬರಿಗಾಲಿನಲ್ಲಿ ಓಡಿದೆ.

ಬಾಗಿಲ ಹಿಡಿಗೆ ಕೈ ಹಾಕಿದವನು ಅಲ್ಲೇ ನಿಂತೆ. ಮುಖದ ಮೇಲೆ ಮಾಸ್ಕ್ ಇರಲಿಲ್ಲ. ಒಳಗೆ ಹೋದರೆ ರೋಗವನ್ನು ನಾನೇ ಅವಳ ಮುಖಕ್ಕೆ ಊದಿದ ಹಾಗೆ. ಹೋಗದಿದ್ದರೆ? ಎಷ್ಟು ಹೊತ್ತು ನಿಂತೆನೋ, ಅಜ್ಜ ಹಿಂದಿನಿಂದ ನನ್ನ ಬೆನ್ನಿಗೆ ಗುದ್ದಿದ. ಬಾಗಿಲು ಎಳೆದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ನನ್ನ ಮೂಗು ಕೆಲಸ ಮಾಡುತ್ತಿರಲಿಲ್ಲ. ಮಾಡುತ್ತಿದ್ದರೂ ಆ ಹೊಗೆಯ ವಿಷಕ್ಕೆ ವಾಸನೆ ಇಲ್ಲವಂತೆ. ಅತ್ತೆ ಗೋಡೆಗೊರಗಿ ಕೂತಿದ್ದರು, ಕಣ್ಣು ತೆರೆದಿತ್ತು, ಗುರುತು ಹಿಡಿಯಲಿಲ್ಲ. ಹೆಂಡತಿ ಮಗುಚಿ ಮಲಗಿದ್ದಳು. ಮಗಳನ್ನು ಎತ್ತಿದೆ. ತಲೆ ನನ್ನ ಮುಂಗೈ ಮೇಲಿಂದ ಹಿಂದಕ್ಕೆ ಜೋತುಬಿತ್ತು.

ಹೊರಗೆ ತಂದು ಹಿಮದ ಮೇಲೆ ಮಂಡಿಯೂರಿದೆ. ಕಂಬಳಿ ಬಿಚ್ಚಿದೆ, ಕುಲಾವಿ ಕಿತ್ತೆಸೆದೆ, ಮುಖಕ್ಕೆ ಆ ಕೊರೆಯುವ ಗಾಳಿ ತಗಲುವ ಹಾಗೆ ಹಿಡಿದೆ. ಅಜ್ಜ ಅತ್ತೆಯನ್ನೂ ಹೆಂಡತಿಯನ್ನೂ ಒಬ್ಬೊಬ್ಬರಾಗಿ ಎಳೆತಂದು ಮೆಟ್ಟಿಲ ಮೇಲೆ ಕೂರಿಸಿ, ಏದುಸಿರು ಬಿಡುತ್ತ ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದ. ನಾನು ಅಂಗಾಲಿಗೆ ಉಗುರಿನಿಂದ ಗೀರಿದೆ. ನಾಮಕರಣವಾಗಿರಲಿಲ್ಲ ಇನ್ನೂ, ಕಾಗದಕ್ಕೆ ಬರೆಸಿದ ಹೆಸರು ನಾಲಿಗೆಗೆ ಹತ್ತಿರಲಿಲ್ಲ, ಏನೆಂದು ಕೂಗಬೇಕೋ ತಿಳಿಯದೆ "ಏಯ್, ಏಯ್" ಎಂದು ಕೂಗಿದೆ. ಅವಳು ಅಳಲಿಲ್ಲ. ಮತ್ತೆ ಗೀರಿದೆ. ಮೂಗು ಸುಕ್ಕಾಯಿತು. ತುಟಿ ಒಂದು ಕಡೆ ಸೊಟ್ಟಗಾಯಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ, ಅದರ ಹಿಂದೆಯೇ ದೊಡ್ಡ ಅಳು. ನನಗೂ ಅಳು ಬಂತು, ಸಿಟ್ಟು ಬರಲಿಲ್ಲ.

ಮೈಯೆಲ್ಲ ಮುಚ್ಚಿಕೊಂಡ ಆಂಬುಲೆನ್ಸಿನವರು ಬಂದರು. ಮೂವರನ್ನೂ ಕರೆದುಕೊಂಡು ಹೋದರು. ಪಾಸಿಟಿವ್ ಆದ ನನ್ನನ್ನು ಹತ್ತಿಸಲಿಲ್ಲ. ಹತ್ತುವ ಮೊದಲು ಹೆಂಡತಿ ತೊದಲುತ್ತಲೇ ತಾಯಿಗೆ, "ತೂತು ಮುಚ್ಬೇಡ ಅಂತ ಎಷ್ಟು ಸಲ ಹೇಳಿದ್ದೆ ಅಮ್ಮ" ಎಂದಳು. ಅತ್ತೆ ನನ್ನ ಕಡೆ ನೋಡಿದರು.

ಅವರು ಹೋದ ಮೇಲೆ ಅಗ್ನಿಶಾಮಕದವನೊಬ್ಬ ಕೈಯಲ್ಲಿ ಮೀಟರು ಹಿಡಿದು ಕ್ಯಾರವಾನಿನ ಒಳಗೂ ಕೆಳಗೂ ನೋಡಿದ. ನನ್ನಿಂದ ದೂರ ನಿಂತು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದ. ಹೀಟರಿನ ಹೊಗೆ ನೆಲದ ಕೆಳಗೆ ಹೊರಬಿದ್ದು ಗಾಳಿಗೆ ಚದುರಿಹೋಗುತ್ತಿತ್ತು. ನಾನು ಕಟ್ಟಿದ ಗೋಡೆಯಿಂದ ಅದು ಅಲ್ಲೇ ತುಂಬಿಕೊಂಡಿತು. ಹೀಟರು ಅದೇ ಕೆಟ್ಟ ಗಾಳಿಯನ್ನು ಎಳೆದುಕೊಂಡು ಇನ್ನೂ ಕೆಟ್ಟದಾಗಿ ಉರಿದು ಕಾರ್ಬನ್ ಮಾನಾಕ್ಸೈಡ್ ಮಾಡಿತು. ಅದು ಸಂದುಗೊಂದುಗಳಿಂದ ಒಳಗೆ ಏರಿತು. ಬೆರಳಿಗೆ ಹಾಕುವ ಆ ಆಕ್ಸಿಮೀಟರಿಗೆ ಈ ವಿಷ ಗೊತ್ತಾಗುವುದಿಲ್ಲ, ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ ಎಂದೂ ಹೇಳಿದ. ನಾನು ಕೊನೆಗೆ ನೆಲದ ತೂತುಗಳ ಬಗ್ಗೆ ಕೇಳಿದೆ. ತುರುಕಿದ್ದ ಸೀರೆಯ ಚೂರನ್ನು ಅವನು ಆಗಲೇ ಎಳೆದು ನೋಡಿದ್ದ.

"ಮುಚ್ಚಬಾರದಿತ್ತು, ನಿಜ. ಆದರೆ ಇವತ್ತಿನ ಮಟ್ಟಿಗೆ ಈ ಬಟ್ಟೆ ಕೆಳಗಿನ ಹೊಗೆಯನ್ನು ಒಂದಿಷ್ಟು ತಡೆದಿದೆ. ಇದಿಲ್ಲದಿದ್ದರೆ ಇನ್ನೂ ಬೇಗ ಏರುತ್ತಿತ್ತು. ಆ ಕೂಸು ನೆಲಕ್ಕೆ ಹತ್ತಿರ ಮಲಗಿತ್ತಲ್ಲ?"

ತಲೆಯಾಡಿಸಿದೆ. ಅವನು ಹೋದ.

ಮೂರನೆಯ ದಿನ ಮೂವರೂ ಮನೆಗೆ ಬಂದರು. ಮಗಳಿಗೆ ಏನೂ ಆಗಿರಲಿಲ್ಲ. ವೈದ್ಯರು ಮತ್ತೆ ಮತ್ತೆ ಪರೀಕ್ಷಿಸಿ ಹಾಗೆ ಹೇಳಿದರು. ನನ್ನ ಕೊರೊನಾ ಅವರ್ಯಾರಿಗೂ ಅಂಟಿರಲಿಲ್ಲ, ನಾನು ಬೇರೆ ಇರಬೇಕಾದ ದಿನಗಳೂ ಅಷ್ಟರಲ್ಲಿ ಮುಗಿದಿದ್ದವು. ಅತ್ತೆ ಬಾಗಿಲಲ್ಲೇ ನಿಂತು ನನ್ನನ್ನು ಕೇಳಿದರು, "ಏನಂದ್ರು ಅವರು? ನಾ ತೂತು ಮುಚ್ಚಿದ್ದಕ್ಕ ಆತಂತೇನ್ರಿ?"

ಹೇಳಬೇಕಾದ ಹೊತ್ತು ಅದು. ಪಕ್ಕದಲ್ಲಿ ಹೆಂಡತಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ನನ್ನ ಕೈಯಾರೆ ಅಳೆದು, ಕೊಯ್ದು, ಟೇಪು ಹಚ್ಚಿ ಅವಳನ್ನು ಕೊಲ್ಲಲು ಹೊರಟಿದ್ದೆ ಎಂದು ಆ ಇಬ್ಬರ ಮುಂದೆ ಹೇಳಲು ನನಗೆ ಧೈರ್ಯ ಬರಲಿಲ್ಲ. "ಎಲ್ಲಾ ಸೇರಿ ಆಯ್ತು ಅಂದ್ರು ಅತ್ತೆ" ಎಂದೆ. ಅತ್ತೆ ತಲೆಯಾಡಿಸಿ ಒಳಗೆ ಹೋದರು. ಅಜ್ಜನಿಗೆ ಕನ್ನಡ ಬರುತ್ತಿರಲಿಲ್ಲ. ಈ ಮನೆಯಲ್ಲಿ ಅತ್ತೆಗೆ ಹೊರಗಿನ ಮಾತು ತಲುಪುತ್ತಿದ್ದದ್ದು ನನ್ನ ಮತ್ತು ನನ್ನ ಹೆಂಡತಿಯ ಬಾಯಿಂದ ಮಾತ್ರ. ಹೆಂಡತಿಗೆ ನಾನು ಹೇಳಲಿಲ್ಲ, ಅಜ್ಜನೂ ಅವಳ ಮುಂದೆ ಆ ಮಾತು ಎತ್ತಲಿಲ್ಲ.

ಅವತ್ತಿನಿಂದ ಅತ್ತೆ ಕೂಸನ್ನು ಮುಟ್ಟಲಿಲ್ಲ. ಮುಟ್ಟಲಿಲ್ಲ ಎಂದರೆ ಹಟದಿಂದಲ್ಲ. ಎತ್ತಿಕೊಳ್ಳಲು ಕೊಟ್ಟರೆ, "ಕೈ ಒದ್ದಿ ಅದಾವ", "ಈಗ ಬ್ಯಾಡ, ಸೊಂಟ ಹಿಡಿದದ" ಎಂದು ಏನಾದರೂ ನೆಪ ಹೇಳುತ್ತಿದ್ದರು. ಹೆಂಡತಿ ಫೋನಿನಲ್ಲಿ ವಿಡಿಯೊ ನೋಡಿಕೊಂಡು ಕೂಸಿಗೆ ಎಣ್ಣೆ ಹಚ್ಚಿ ನೀರೆರೆಯುತ್ತಿದ್ದಳು, ಅತ್ತೆ ಬಚ್ಚಲ ಬಾಗಿಲಲ್ಲಿ ಟವಲು ಹಿಡಿದು ನಿಲ್ಲುತ್ತಿದ್ದರು. ಕಿಟಕಿಗಳನ್ನೆಲ್ಲ ಅವರೇ ತೆರೆದಿಡುತ್ತಿದ್ದರು. ವಿಮಾನ ಸಿಕ್ಕ ತಿಂಗಳಲ್ಲಿ ಊರಿಗೆ ಹೊರಟರು. ನಿಲ್ದಾಣದಲ್ಲಿ ಕೂಸಿನ ಪಾದವನ್ನು ಒಂದು ಬೆರಳಿನಿಂದ ಮುಟ್ಟಿ, ಆ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ಅದನ್ನು ನೋಡಿಯೂ ನಾನು ಬಾಯಿ ಬಿಡಲಿಲ್ಲ.

ಮರುವರ್ಷದ ಕೊನೆಗೆ ಹೆಂಡತಿ ಮತ್ತೆ ಬಸುರಿಯಾದಳು. ಆ ಹೊತ್ತಿಗೆ ಮಾಸ್ಕುಗಳು ಡ್ರಾಯರು ಸೇರಿದ್ದವು, ವಿಮಾನಗಳು ಮೊದಲಿನಂತೆ ನಮ್ಮ ತಲೆಯ ಮೇಲೆ ಹಾರುತ್ತಿದ್ದವು. ಭಾನುವಾರ ಬೆಳಗ್ಗೆ ಫೋನನ್ನು ಮೇಜಿನ ಮೇಲಿಟ್ಟು, ಯಾವಾಗ ಬರುತ್ತೀ, ಟಿಕೆಟ್ ಮಾಡಿಸಲಾ ಎಂದು ಹೆಂಡತಿ ತಾಯಿಯನ್ನು ಕೇಳಿದಳು.

"ನಾ ಬರೂದಿಲ್ಲವ್ವ" ಎಂದರು ಅತ್ತೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಅಲ್ಲೇ ಯಾರನ್ನರ ಇಟ್ಕೋರಿ. ಆ ದಾದಿ ಛಲೋ ಇದ್ಲು. ನನ್ನ ಕೈ ಕೂಸಿಗೆ ಆಗಿ ಬರೂದಿಲ್ಲ."

ಹೆಂಡತಿ ಅಳತೊಡಗಿದಳು. ಪುಕ್ಕಲನಿಗೂ ಒಂದು ಮಿತಿ ಇರುತ್ತದೆ ಎಂದು ಕಾಣುತ್ತದೆ. ಫೋನನ್ನು ನನ್ನ ಕಡೆ ತಿರುಗಿಸಿಕೊಂಡು ಹೇಳಿದೆ. ಗೋಡೆ ಕಟ್ಟಿದವನು ನಾನು, ಹೊಗೆ ತುಂಬಿದ್ದು ಅದರಿಂದ, ನಿಮ್ಮ ಸೀರೆ ಅದನ್ನು ತಡೆಯಿತು, ಅಗ್ನಿಶಾಮಕದವನು ಅವತ್ತೇ ನನಗೆ ಹೇಳಿದ್ದ, ನಾನು ಮುಚ್ಚಿಟ್ಟೆ. ಹೆಂಡತಿ ನನ್ನನ್ನು ನೋಡಿದ ರೀತಿಯನ್ನು ಇಲ್ಲಿ ಬರೆಯಲಾರೆ. ಅತ್ತೆ ಬೈಯಲಿ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಹಂಗಾರ..." ಎಂದರು ಅತ್ತೆ. "ಹಂಗಾರ ನಾ ಕೂಸಿನ್ನ ಎತ್ಕೋಬಹುದೇನ್ರಿ?"